ಎದುರಾಳಿಯ ಮಾತನ್ನು ಪೂರ್ತಿ ಅಚ್ಚು ಹಾಕುವುದು



ಈ ದತ್ತಿ ಉಪನ್ಯಾಸದ ದಾನಿಗಳು ತಮ್ಮ ಹೆಸರನ್ನು ವೇದಿಕೆಯಲ್ಲಿ ಹೇಳಕೂಡದು ಎಂದು ಸಂಘದವರಿಗೆ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಹಾಗಾಗಿ ಹೊಗಳಿಕೆಯ ಭಾಗ ತಪ್ಪಿತು. ನೇರವಾಗಿ ವಿಷಯಕ್ಕೆ ಬರುತ್ತೇನೆ: ಅಂತರ್ಜಾಲ ನಮ್ಮ ಯೋಚನೆಯನ್ನು ಏನು ಮಾಡಿದೆ, ಒಬ್ಬರನ್ನೊಬ್ಬರು ಒಪ್ಪದೆಯೂ ಮರ್ಯಾದೆಯಿಂದ ಮಾತಾಡುವುದು ಈಗ ಸಾಧ್ಯವೇ?

ನಾವು ಕೂತಿರುವ ಈ ಬಡಾವಣೆಯ ಪೂರ್ಣ ಹೆಸರು ರವೀಂದ್ರನಾಥ ಟಾಗೋರ್ ನಗರ. ಬಸ್ಸಿನ ಬೋರ್ಡಿನಲ್ಲಿ, ಆಟೋದವರ ಬಾಯಲ್ಲಿ ಅದು ಆರ್.ಟಿ. ನಗರ. ಆರ್.ಟಿ.ಓ. ಕಚೇರಿಗೂ ಈ ಹೆಸರಿಗೂ ನಂಟಿದೆ ಎಂದು ನಂಬಿರುವ ಹುಡುಗರನ್ನೂ ನಾನು ಕಂಡಿದ್ದೇನೆ. ಇರಲಿ. ಈ ಹೆಸರಿನ ನೆಪದಲ್ಲಿ ಟಾಗೋರರ ಒಂದು ಜಗಳವನ್ನು ನಿಮಗೆ ಹೇಳಬೇಕು.

1934ರ ಜನವರಿ 15ರಂದು ಬಿಹಾರದಲ್ಲಿ ಭಾರಿ ಭೂಕಂಪವಾಯಿತು. ಸಾವಿರಾರು ಜನ ಸತ್ತರು. ಗಾಂಧೀಜಿ ಆಗ ಹರಿಜನ ಪ್ರವಾಸದಲ್ಲಿ ದಕ್ಷಿಣದಲ್ಲಿದ್ದರು. ಮುಂದಿನ ತಿಂಗಳು ನಮ್ಮ ಕೊಡಗು, ಮಂಗಳೂರಿಗೂ ಬಂದರು. ಅದೇ ಜನವರಿಯ 24ರಂದು ತಿರುನೆಲ್ವೇಲಿಯ ಸಭೆಯಲ್ಲಿ ಅವರು, ಈ ಭೂಕಂಪ ನಾವು ಅಸ್ಪೃಶ್ಯತೆಯ ಪಾಪ ಮಾಡಿದ್ದಕ್ಕೆ ದೇವರು ಕೊಟ್ಟ ದಂಡನೆ ಎಂಬರ್ಥದ ಮಾತಾಡಿದರು. ಅದು ಪತ್ರಿಕೆಗಳಲ್ಲಿ ಬಂತು. ಓದಿದ ಟಾಗೋರರಿಗೆ ತಳಮಳವಾಯಿತು. ಅಸ್ಪೃಶ್ಯತೆ ಹೋಗಬೇಕೆನ್ನುವುದರಲ್ಲಿ ಅವರು ಗಾಂಧೀಜಿಗಿಂತ ಹಿಂದಿರಲಿಲ್ಲ. ಆದರೆ ಭೂಮಿ ನಡುಗಿದ್ದಕ್ಕೆ ಪಾಪಪುಣ್ಯದ ಕಾರಣ ಕೊಟ್ಟರೆ, ಅದೂ ದೇಶವೇ ನಂಬುವ ಮನುಷ್ಯ ಕೊಟ್ಟರೆ, ಜನರ ವಿವೇಚನೆಯ ಗತಿಯೇನು? ಅವರು ಒಂದು ಖಂಡನೆಯ ಹೇಳಿಕೆ ಬರೆದರು.

ಮುಂದೆ ಅವರು ಮಾಡಿದ್ದನ್ನು ಗಮನಿಸಿ. ಆ ಹೇಳಿಕೆಯನ್ನು ಪತ್ರಿಕೆಗೆ ಕೊಡುವ ಮೊದಲು ಗಾಂಧೀಜಿಗೇ ಕಳಿಸಿದರು. ಪತ್ರಿಕೆಯಲ್ಲಿ ಬಂದಿರುವ ಮಾತನ್ನು ನೀವು ನಿಜವಾಗಿ ಆಡಿದ್ದೀರಾ ಎಂದು ಕೇಳಿದರು. ಆಡಿದ್ದು ಹೌದೆಂದು ಗಾಂಧೀಜಿ ಒಪ್ಪಿಕೊಂಡರು. ಒಪ್ಪಿಕೊಂಡು, ಟಾಗೋರರ ಖಂಡನೆಯನ್ನು ಫೆಬ್ರವರಿ 16ರ ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ತಾವೇ ಅಚ್ಚು ಹಾಕಿದರು. ಅದರ ಜೊತೆಗೇ ತಮ್ಮ ಉತ್ತರವನ್ನೂ ಕೊಟ್ಟರು. ಉತ್ತರದಲ್ಲಿ ಒಂದಿಂಚೂ ಹಿಂದೆ ಸರಿಯಲಿಲ್ಲ. ಟಾಗೋರರೂ ಸರಿಯಲಿಲ್ಲ. ನನ್ನನ್ನು ಕೇಳಿದರೆ ಆ ವಾದದಲ್ಲಿ ಟಾಗೋರರದೇ ಸರಿ, ಗಾಂಧೀಜಿಯದು ತಪ್ಪು. ಆದರೆ ಹರಿಜನದ ಓದುಗನಿಗೆ ಆ ತೀರ್ಮಾನಕ್ಕೆ ಬರಲು ಬೇಕಾದ ಸಾಮಗ್ರಿಯನ್ನು ಒದಗಿಸಿದವರು ಸ್ವತಃ ಗಾಂಧೀಜಿ. ಎರಡು ವರ್ಷದ ಬಳಿಕ, 1936ರಲ್ಲಿ, ವಿಶ್ವಭಾರತಿಯ ಖರ್ಚಿಗೆಂದು ಮುಪ್ಪಿನಲ್ಲಿ ನಾಟಕ ತಂಡ ಕಟ್ಟಿಕೊಂಡು ಊರೂರು ಅಲೆಯುತ್ತಿದ್ದ ಟಾಗೋರರನ್ನು ನೋಡಲಾರದೆ 60,000 ರೂಪಾಯಿ ಹೊಂದಿಸಿಕೊಟ್ಟವರೂ ಗಾಂಧೀಜಿಯೇ. ಇವರಿಬ್ಬರೂ ಚರಕದ ಬಗ್ಗೆ, ಅಸಹಕಾರದ ಬಗ್ಗೆ 1921ರಿಂದಲೇ ಅಚ್ಚಿನಲ್ಲಿ ಬಡಿದಾಡಿಕೊಂಡು ಬಂದವರು ಎಂಬುದನ್ನು ಮರೆಯಬೇಡಿ.

ತಿರುನೆಲ್ವೇಲಿಯ ಆ ಭಾಷಣ ಇವತ್ತು ಆಗಿದ್ದರೆ ಏನಾಗುತ್ತಿತ್ತು ಎಂದು ನಾನು ವಿವರಿಸಬೇಕಾಗಿಲ್ಲ. ಮೂವತ್ತು ಸೆಕೆಂಡಿನ ತುಣುಕು, ಕೆಳಗೆ ದಪ್ಪಕ್ಷರದ ತಲೆಬರಹ, ಪಕ್ಕದಲ್ಲಿ ನಗುವ ಮುಖ. ಟಾಗೋರರು ಕೇಳಿದ ಆ ಒಂದು ಪ್ರಶ್ನೆ, ‘ನೀವು ಇದನ್ನು ಹೇಳಿದ್ದು ಹೌದೇ’ ಎನ್ನುವುದು, ಈಗ ಯಾರ ಬಾಯಲ್ಲೂ ಬರುವುದಿಲ್ಲ. ಯಾರನ್ನು ಕೇಳುವುದು? ತುಣುಕು ನಮ್ಮ ಕೈಗೆ ಬರುವ ಹೊತ್ತಿಗೆ ಆಡಿದವನೂ ಇಲ್ಲ, ಕತ್ತರಿಸಿದವನೂ ಇಲ್ಲ. ಕಳಿಸಿದ ನಮ್ಮ ಭಾವಮೈದುನ ಮಾತ್ರ ಇದ್ದಾನೆ.

ಅಂತರ್ಜಾಲದಿಂದ ಜಗಳ ಹೆಚ್ಚಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ದೂರು ಬೇರೆ. ನಿಜವಾದ ಭಿನ್ನಾಭಿಪ್ರಾಯ ಕಡಿಮೆಯಾಗಿದೆ. ಎದುರಿನವನ ಮಾತನ್ನು ಪೂರ್ತಿ ಕೇಳಿಸಿಕೊಂಡಾಗ ಮಾತ್ರ ಅವನನ್ನು ಒಪ್ಪದಿರಲು ಸಾಧ್ಯ. ಕೇಳದೆ ಮಾಡುವುದು ಬರೀ ತಳ್ಳಿಹಾಕುವಿಕೆ.

ಯಲಹಂಕ ನ್ಯೂ ಟೌನಿನ ಕಡೆ ಇರುವ ಸ್ನೇಹಿತರೊಬ್ಬರ ಅಪಾರ್ಟ್‌ಮೆಂಟಿನ ಕಥೆ ಕೇಳಿ. ಅಲ್ಲಿ ಬೀದಿನಾಯಿಗಳಿಗೆ ಗೇಟಿನ ಹತ್ತಿರ ಅನ್ನ ಹಾಕುವ ವಿಚಾರ. ವಾಟ್ಸಾಪ್ ಗುಂಪಿನಲ್ಲಿ ರಾತ್ರಿ ಹತ್ತೂವರೆಗೆ ಒಂದು ಸಂದೇಶ ಬಂತು: ‘ಕೆಲವರಿಗೆ ಮಕ್ಕಳಿಗಿಂತ ನಾಯಿಗಳೇ ಹೆಚ್ಚು.’ ಎರಡು ನಿಮಿಷಕ್ಕೆ ಉತ್ತರ: ‘ಮನುಷ್ಯತ್ವ ಇಲ್ಲದವರಿಗೆ ಏನು ಹೇಳಿ ಏನು ಪ್ರಯೋಜನ.’ ಹನ್ನೊಂದರವರೆಗೆ ಹೀಗೇ ನಡೆಯಿತು. ಅಷ್ಟೂ ಸಂದೇಶಗಳಲ್ಲಿ ಒಬ್ಬರೂ ಇನ್ನೊಬ್ಬರ ಹೆಸರು ಹಿಡಿದು ಕರೆದಿರಲಿಲ್ಲ. ಎಲ್ಲಾ ‘ಕೆಲವರು’, ‘ಇಂಥವರು’. ಮರುದಿನ ಬೆಳಿಗ್ಗೆ ಅದೇ ಇಬ್ಬರು ಲಿಫ್ಟಿನಲ್ಲಿ ಸಿಕ್ಕರು. ‘ತಿಂಡಿ ಆಯ್ತಾ ಆಂಟಿ?’ ‘ಆಯ್ತಮ್ಮ, ಮಗು ಜ್ವರ ಹೇಗಿದೆ?’ ನಾಯಿಯ ಸುದ್ದಿಯೇ ಇಲ್ಲ. ಸ್ನೇಹಿತರು ಇದನ್ನು ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ. ಗುಂಪಿನಲ್ಲಿ ಎದುರಿಗೆ ಮನುಷ್ಯರಿಲ್ಲದೆ ಬರೀ ಜಗಳ, ಲಿಫ್ಟಿನಲ್ಲಿ ಮನುಷ್ಯರಿದ್ದೂ ವಿಷಯವಿಲ್ಲ. ಆಂಟಿಗೆ ನಾಯಿ ಕಚ್ಚೀತೆಂಬ ಭಯ ಯಾಕಿದೆ, ಈ ಹುಡುಗಿ ಗೇಟಿನ ಹತ್ತಿರವೇ ಯಾಕೆ ಅನ್ನ ಹಾಕುತ್ತಾಳೆ, ಎರಡೂ ಪ್ರಶ್ನೆ ಹಾಗೇ ಉಳಿದವು. ನಮ್ಮ ಸಮಾಜ ಮೊದಲೂ ಮುಖ ನೋಡಿ ಮಾತು ನುಂಗುತ್ತಿತ್ತು. ಈಗ ನುಂಗಿದ್ದನ್ನು ರಾತ್ರಿ ಹತ್ತೂವರೆಗೆ ಕಕ್ಕಲು ಒಂದು ಜಾಗ ಸಿಕ್ಕಿದೆ.

ಇದು ಸಣ್ಣ ಜಗಳ. ಊರಿನ ದೊಡ್ಡ ವಾದವೊಂದನ್ನು ನೋಡೋಣ. ನಿಮ್ಮಲ್ಲಿ ಹೆಚ್ಚಿನವರು ಅದರ ಒಂದಲ್ಲ ಒಂದು ಬದಿಯಲ್ಲಿದ್ದವರೇ.

2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ಬಳ್ಳಾರಿ ರಸ್ತೆಯ ಹಣೆಬರಹ ಬದಲಾಯಿತು. ಹೊರವರ್ತುಲ ರಸ್ತೆಯೂ ಬಂದು ಕೂಡುವ ಹೆಬ್ಬಾಳ ಜಂಕ್ಷನ್ ಏನಾಯಿತೆಂದು ಇಲ್ಲಿರುವವರಿಗೆ ಹೇಳಬೇಕಿಲ್ಲ. ಇದಕ್ಕೆ ಪರಿಹಾರವೆಂದು ಸರ್ಕಾರ 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟಿತು. ಅಂದಾಜು ವೆಚ್ಚ 1,791 ಕೋಟಿ ರೂಪಾಯಿ. ಕಡಿಯಬೇಕಾದ ಮರ 812. ಹೊಣೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ್ದು. ಜಾಲತಾಣಗಳಲ್ಲಿ ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಕೂಗು ಎದ್ದಿತು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಆ ದಾರಿಯುದ್ದಕ್ಕೂ ಮಾನವ ಸರಪಳಿಯಾಗಿ ನಿಂತರು. ಹಸಿರು ನ್ಯಾಯಮಂಡಳಿಯ ತಡೆ ಬಂತು. ರಾಜಕೀಯ ಆರೋಪಗಳೂ ಸೇರಿಕೊಂಡು, 2017ರ ಮಾರ್ಚ್ 2ರಂದು ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಅಂತರ್ಜಾಲವಿಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಅದನ್ನು ನಾನು ಸಂತೋಷದಿಂದಲೇ ಒಪ್ಪುತ್ತೇನೆ. ಯೋಜನಾ ವರದಿ ಎಲ್ಲಿ, ಪರಿಸರ ಅನುಮತಿ ಎಲ್ಲಿ ಎಂದು ಜನ ಕೇಳತೊಡಗಿದರು. ಮಲ್ಲೇಶ್ವರದ ಅಜ್ಜಿಯೂ ಮಾನ್ಯತಾ ಟೆಕ್ ಪಾರ್ಕಿನ ಇಂಜಿನಿಯರೂ ಒಂದೇ ಸಾಲಿನಲ್ಲಿ ನಿಂತರು. ಆದರೆ ಆ ತಿಂಗಳುಗಳಲ್ಲಿ ವಾದದ ಒಳಗೆ ಏನಾಯಿತು? ಪರವಾಗಿ ಒಂದು ಮಾತಾಡಿದವನು ಗುತ್ತಿಗೆದಾರರ ಏಜೆಂಟ್. ವಿರೋಧಿಸಿದವನು ಮನೆಯಿಂದ ಹೊರಬರದ ಸದಾಶಿವನಗರದ ಸಾಹುಕಾರ. ದಿನಾ ಯಲಹಂಕದಿಂದ ಮೆಜೆಸ್ಟಿಕ್ಕಿಗೆ ನಿಂತುಕೊಂಡೇ ಬಸ್ಸಿನಲ್ಲಿ ಬರುವ ಹೆಂಗಸಿಗೆ ಈ ಎರಡರಲ್ಲೂ ಜಾಗವಿರಲಿಲ್ಲ. ಆಕೆಯ ಮಾತು ‘ಏನಾದರೂ ಮಾಡಿ, ಆದರೆ ಬಸ್ಸಿಗೆ ದಾರಿ ಬಿಡಿ’ ಎಂಬಂಥದು. ಅಂಥ ಮಾತು ಘೋಷಣೆಯಾಗುವುದಿಲ್ಲ. ‘ಬೇಡ’ ಎಂಬುದು ಆಗುತ್ತದೆ. ಚಳವಳಿಯವರಿಗೇ ಇದು ಹೊಳೆದಿರಬೇಕು. 2016ರ ಡಿಸೆಂಬರಿನಲ್ಲೇ ಅವರು ಉಪನಗರ ರೈಲಿಗಾಗಿ ‘ಚುಕುಬುಕು ಬೇಕು’ ಎಂದು ಹೊರಟರು. ಬೇಡ ಎಂದವರು ಬೇಕು ಎನ್ನಲು ಕಲಿತದ್ದು ನನ್ನ ಲೆಕ್ಕದಲ್ಲಿ ಸೇತುವೆ ನಿಲ್ಲಿಸಿದ್ದಕ್ಕಿಂತ ದೊಡ್ಡದು. 148 ಕಿಲೋಮೀಟರಿನ ಆ ರೈಲು ಯೋಜನೆಗೆ 2020ರಲ್ಲಿ ಕೇಂದ್ರದ ಒಪ್ಪಿಗೆಯೂ ಸಿಕ್ಕಿತು. ಅದರ ಮಾರ್ಗಗಳು ಯಶವಂತಪುರ, ಹೆಬ್ಬಾಳ, ಯಲಹಂಕಗಳನ್ನು ಹಾಯುತ್ತವೆ. ರೈಲು ಎಂದು ಓಡುತ್ತದೋ ಅದು ಬೇರೆ ಉಪನ್ಯಾಸ.

ಇಂಥ ವಾದಗಳಲ್ಲಿ ಎದುರು ಪಕ್ಷದ ಮಾತು ಕಣ್ಣಿಗೆ ಬೀಳದಿರುವುದೇ ತೊಂದರೆ, ಬಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ಬಹಳ ಜನ ನಂಬಿದ್ದರು. ಅಮೆರಿಕದ ಸಂಶೋಧಕ ಕ್ರಿಸ್ ಬೇಲ್ ಮತ್ತು ಅವರ ಸಹೋದ್ಯೋಗಿಗಳು ಇದನ್ನೇ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಅಲ್ಲಿನ ಎರಡೂ ಪಕ್ಷಗಳ ಬೆಂಬಲಿಗರು ಒಂದು ತಿಂಗಳು ಟ್ವಿಟರ್‌ನಲ್ಲಿ ವಿರೋಧಿ ಪಕ್ಷದ ಮಾತುಗಳನ್ನು ಓದುವಂತೆ ಮಾಡಿದರು. ಮನಸ್ಸು ಮೆತ್ತಗಾಗಲಿಲ್ಲ. ರಿಪಬ್ಲಿಕನ್ನರಂತೂ ಮೊದಲಿಗಿಂತ ಬಿಗಿಯಾದರು. ಅದೇ ವರ್ಷ ಎಂಐಟಿಯ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿದರು. 1,500 ಜನರನ್ನು ಮುಟ್ಟಲು ಸುಳ್ಳಿಗಿಂತ ನಿಜಕ್ಕೆ ಸುಮಾರು ಆರು ಪಟ್ಟು ಹೊತ್ತು ಹಿಡಿಯುತ್ತಿತ್ತು. ಸುಳ್ಳನ್ನು ಓಡಿಸುತ್ತಿದ್ದದ್ದು ಮುಖ್ಯವಾಗಿ ಯಂತ್ರಗಳಲ್ಲ, ನಮ್ಮ ನಿಮ್ಮಂಥ ಜನ. ಹೊಸತಾಗಿ, ಅಚ್ಚರಿಯಾಗಿ ಕಂಡದ್ದನ್ನು ಮೊದಲು ಹೇಳುವವರು ನಾವಾಗಬೇಕೆಂಬ ಆಸೆ ಎಲ್ಲರಿಗೂ ಇದೆ.

ಆ ಆಸೆಯ ಬೆಲೆಯನ್ನು ಈ ಊರು ಕೊಟ್ಟಿದೆ. 2012ರ ಆಗಸ್ಟ್ ಮಧ್ಯದಲ್ಲಿ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿಯಾಗುತ್ತದೆ ಎಂಬ ಎಸ್‌ಎಂಎಸ್‌ಗಳು ಹರಡಿ, ಸಾವಿರಾರು ಹುಡುಗ ಹುಡುಗಿಯರು ಕೆಲಸ ಬಿಟ್ಟು ಗುವಾಹಟಿ ರೈಲು ಹತ್ತಿದರು. ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಹೋಗದಂತೆ ಕೇಂದ್ರ ಸರ್ಕಾರ ಮಿತಿ ಹಾಕಿತು. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳನೆಂಬ ವಾಟ್ಸಾಪ್ ವದಂತಿಗೆ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕ ಬಲಿಯಾದ. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಇಂಜಿನಿಯರ್ ಸತ್ತ. ಆ ತಿಂಗಳೇ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಾಡುವುದನ್ನು ಒಮ್ಮೆಗೆ ಐದು ಕಡೆಗೆ ಇಳಿಸಿತು. ಸರ್ಕಾರಕ್ಕೂ ಕಂಪನಿಗೂ ಆರು ವರ್ಷದ ಅಂತರದಲ್ಲಿ ಒಂದೇ ಸಂಖ್ಯೆ ಹೊಳೆಯಿತು.

ಇಲ್ಲಿಂದ ನಡೆದು ಹೋಗುವಷ್ಟು ದೂರದ ಕಾವಲ್ ಬೈರಸಂದ್ರ, ಡಿ.ಜೆ. ಹಳ್ಳಿಗಳಲ್ಲಿ 2020ರ ಆಗಸ್ಟ್ 11ರ ರಾತ್ರಿ ನಡೆದದ್ದನ್ನು ನಾನು ಬಿಟ್ಟು ಮುಂದೆ ಹೋಗಲಾರೆ. ಒಂದು ಫೇಸ್‌ಬುಕ್ ಪೋಸ್ಟ್, ಕೆಲವೇ ಗಂಟೆಗಳಲ್ಲಿ ಗುಂಪು, ಶಾಸಕರ ಮನೆಗೆ ಬೆಂಕಿ, ಠಾಣೆಗಳ ಮೇಲೆ ದಾಳಿ, ಪೊಲೀಸ್ ಗೋಲಿಬಾರ್, ಸಾವು. ನೋವು ಕೊಡುವ ಮಾತನ್ನು ಹಾಕಿದ್ದು ತಪ್ಪು. ಅದಕ್ಕೆ ಬೆಂಕಿಯ ಉತ್ತರ ಕೊಟ್ಟದ್ದು ಇನ್ನೂ ದೊಡ್ಡ ತಪ್ಪು. ದೂರು ಕೊಟ್ಟು, ಅದು ದಾಖಲಾಗುವವರೆಗೆ ಕಾಯಲು ಬೇಕಾದ ತಾಳ್ಮೆ ಆ ರಾತ್ರಿ ಯಾರಲ್ಲೂ ಉಳಿದಿರಲಿಲ್ಲ. ಅದೇ ರಾತ್ರಿ ಮುಸ್ಲಿಂ ಯುವಕರು ಹನುಮಂತನ ಗುಡಿಯೊಂದರ ಸುತ್ತ ಕೈ ಕೈ ಹಿಡಿದು ನಿಂತು ಕಾದರು. ಅದನ್ನೂ ನಾವು ನೋಡಿದ್ದು ಮೊಬೈಲಿನಲ್ಲೇ.

ಇನ್ನು ಕನ್ನಡದ ಒಳಗಿನದೇ ಒಂದು ಮಾತು. ಶೂನ್ಯಸಂಪಾದನೆಯನ್ನು ಓದಿದವರು ಇಲ್ಲಿದ್ದಾರೆ. ಹನ್ನೆರಡನೆಯ ಶತಮಾನದ ಶರಣರು ಬಿಡಿಬಿಡಿಯಾಗಿ ಆಡಿದ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಒಂದು ಸಂವಾದವಾಗಿ ಜೋಡಿಸಿದ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಅದನ್ನು ಮತ್ತೆ ಕಟ್ಟಿದರು. ಒಂದು ವಚನ ಸಿಕ್ಕರೆ, ಇದು ಯಾವ ಪ್ರಶ್ನೆಗೆ ಉತ್ತರವಾಗಿದ್ದೀತು, ಇದಕ್ಕೆ ಯಾರು ಏನು ಎದುರು ಹೇಳಿಯಾರು ಎಂದು ಯೋಚಿಸಿ, ಅದಕ್ಕೆ ಎದುರಾಳಿಯನ್ನು ಹುಡುಕಿ ಕೂರಿಸಿದರು. ಸೊನ್ನಲಿಗೆಯ ಪ್ರಸಂಗವನ್ನೇ ನೋಡಿ. ಇವತ್ತಿನ ಸೊಲ್ಲಾಪುರ. ಸಿದ್ಧರಾಮ ಕೆರೆ ಕಟ್ಟಿಸುತ್ತಿದ್ದಾನೆ, ಗುಡಿ ಕಟ್ಟಿಸುತ್ತಿದ್ದಾನೆ, ಊರಿಗೆ ಊರೇ ಅವನನ್ನು ಪೂಜಿಸುತ್ತಿದೆ. ಅಲ್ಲಿಗೆ ಅಲ್ಲಮ ಬಂದು ಅವನನ್ನು ಮಣ್ಣು ಅಗೆಯುವ ಒಡ್ಡ ಎಂದು ಕರೆಯುತ್ತಾನೆ. ಕೆಲಸದವರು ಕೆರಳಿ ಕಲ್ಲು ಬೀರುತ್ತಾರೆ. ಸಿದ್ಧರಾಮನೇ ಕೋಪದಿಂದ ಬರುತ್ತಾನೆ. ಇವತ್ತಿನ ಕ್ಲಿಪ್ಪು ಅಲ್ಲಿಗೆ ಮುಗಿಯುತ್ತಿತ್ತು. ‘ಸಿದ್ಧರಾಮರಿಗೆ ಅಲ್ಲಮನ ಅವಮಾನ’. ಗ್ರಂಥದಲ್ಲಿ ಸಂವಾದ ಶುರುವಾಗುವುದೇ ಅಲ್ಲಿಂದ. ಕೆರೆ ಕಟ್ಟುವ ಪುಣ್ಯದ ಬಗ್ಗೆ, ಕಟ್ಟಿದವನ ಅಹಂಕಾರದ ಬಗ್ಗೆ ಇಬ್ಬರೂ ಬಿಡದೆ ವಾದಿಸುತ್ತಾರೆ. ಕೊನೆಗೆ ಇಬ್ಬರೂ ಕೂಡಿ ಕಲ್ಯಾಣಕ್ಕೆ ಹೊರಡುತ್ತಾರೆ. ಅಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಬೇಕೇ ಎಂಬುದರ ಮೇಲೆ ಮತ್ತೆ ಚರ್ಚೆ!

ಬಿಡಿ ಮಾತಿಗೆ ಸಂವಾದ ಹುಡುಕಿಕೊಟ್ಟವರು ಆ ಸಂಪಾದಕರು. ಸಂವಾದದಿಂದ ಬಿಡಿ ಮಾತನ್ನು ಕಿತ್ತು ಹಾರಿಸುವುದು ನಮ್ಮ ಕಾಲದ ಕೆಲಸ. ಅದೇ ವಚನಗಳು ಈಗ ಗುಲಾಬಿ ಹೂವಿನ ಚಿತ್ರದ ಮೇಲೆ ‘ಶುಭೋದಯ’ ಆಗಿ ಬರುತ್ತವೆ. ಕುವೆಂಪು ಬರೆಯದ ಸಾಲುಗಳು ಕುವೆಂಪು ಹೆಸರಿನಲ್ಲಿ ಬರುತ್ತವೆ. ಓದಿ, ಹೆಬ್ಬೆರಳು ಒತ್ತಿ, ಮುಂದಕ್ಕೆ ಹೋಗುತ್ತೇವೆ.

ಕರಾವಳಿ, ಕಾಸರಗೋಡಿನ ಕಡೆಯವರಿಗೆ ತಾಳಮದ್ದಲೆ ಗೊತ್ತು. ವೇಷವಿಲ್ಲ, ಕುಣಿತವಿಲ್ಲ; ಕೂತು ಮಾತಿನಲ್ಲೇ ಪಾತ್ರ ಕಟ್ಟುವುದು. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯ ಅರ್ಥ ಹೇಳುತ್ತಿದ್ದಾಗ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನಿಗೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು. ಕೇಳುವವರಲ್ಲಿ ರಾಮಭಕ್ತರೇ ತುಂಬಿರುತ್ತಿದ್ದರು. ವಾಲಿಯ ಮಾತಿಗೆ ತಲೆದೂಗುತ್ತಿದ್ದವರೂ ಅವರೇ. ಇವತ್ತು ಕೃಷ್ಣನಾದವನು ನಾಳೆ ಕೌರವನ ಪರ ವಾದಿಸಬೇಕು, ಅದೂ ಸೋಲಲೆಂದು ಅಲ್ಲ, ಗೆಲ್ಲಲೆಂದೇ. ನಮ್ಮ ಕಾಲೇಜುಗಳ ಚರ್ಚಾಸ್ಪರ್ಧೆಗಳು ಹುಡುಗರಿಗೆ ಕಲಿಸಬೇಕಾದದ್ದು ಇದು. ಬಹಳಷ್ಟು ಕಡೆ ಅವು ಕಲಿಸುತ್ತಿರುವುದು ಗಂಟಲು ಏರಿಸುವುದನ್ನು.

ಮರ್ಯಾದೆಯ ಭಿನ್ನಾಭಿಪ್ರಾಯ ಎಂದಾಗ ಕೆಲವರಿಗೆ ಒಂದು ಅನುಮಾನ ಬರುತ್ತದೆ, ಬರಲೇಬೇಕು. ಮೇಲೆ ಕೂತವನು ಕೆಳಗಿನವನಿಗೆ ‘ಮೆಲ್ಲಗೆ ಮಾತಾಡಪ್ಪ’ ಎನ್ನುವುದು ಅವನ ಬಾಯಿ ಮುಚ್ಚಿಸುವ ಹಳೆಯ ಉಪಾಯ. ಅದಕ್ಕಾಗಿಯೇ ನಾನು ಅಂಬೇಡ್ಕರರ ಉದಾಹರಣೆ ಇಟ್ಟುಕೊಂಡಿದ್ದೇನೆ. ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲ 1936ರ ತನ್ನ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಅವರನ್ನು ಕರೆಯಿತು. ಭಾಷಣದ ಪ್ರತಿ ನೋಡಿ ಗಾಬರಿಯಾಗಿ ಕೆಲವು ಭಾಗ ತೆಗೆಯಲು ಕೇಳಿತು. ಅವರು ಒಪ್ಪಲಿಲ್ಲ, ಸಮ್ಮೇಳನವೇ ರದ್ದಾಯಿತು. ಆಡದ ಆ ಉಪನ್ಯಾಸವನ್ನು ಅಂಬೇಡ್ಕರ್ ಸ್ವಂತ ಖರ್ಚಿನಲ್ಲಿ ‘ಜಾತಿ ವಿನಾಶ’ವಾಗಿ ಅಚ್ಚು ಹಾಕಿಸಿದರು. ಗಾಂಧೀಜಿ ಜುಲೈಯ ಹರಿಜನದಲ್ಲಿ ಅದನ್ನು ವಿಮರ್ಶಿಸಿದರು. ಯಾವ ಸುಧಾರಕನೂ ಇದನ್ನು ಕಡೆಗಣಿಸುವಂತಿಲ್ಲ ಎಂದರು, ತಮಗೆ ಒಪ್ಪಿಗೆಯಿಲ್ಲದ್ದನ್ನೂ ಹೇಳಿದರು, ಎಂಟಾಣೆ ಬೆಲೆ ಜಾಸ್ತಿಯಾಯಿತು, ಕಡಿಮೆ ಮಾಡಿ ಎಂದೂ ಬರೆದರು. ಅಂಬೇಡ್ಕರ್ 1937ರ ಎರಡನೆಯ ಮುದ್ರಣದಲ್ಲಿ ಗಾಂಧೀಜಿಯ ಆ ಬರಹಗಳನ್ನು ಸೇರಿಸಿ, ಪಕ್ಕದಲ್ಲೇ ತಮ್ಮ ಉತ್ತರ ಇಟ್ಟರು. ಆ ಉತ್ತರ ಓದಿ ನೋಡಿ. ಅದು ಮೆತ್ತಗಿನ ಬರಹವಲ್ಲ. ಎದುರಾಳಿಯ ಮಾತನ್ನು ಮಾತ್ರ ಅವರು ಕತ್ತರಿಸಲಿಲ್ಲ. ದನಿ ಏರಬಹುದು, ಇಳಿಯಬಹುದು. ನಾನು ಕೇಳುತ್ತಿರುವ ಮರ್ಯಾದೆ ಇಷ್ಟೇ.

ಕೊನೆಗೆ ಮತ್ತೆ ಹೆಬ್ಬಾಳ. ಉಕ್ಕಿನ ಸೇತುವೆಯ ಜಾಗಕ್ಕೆ ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಯೋಜನೆ ಬಂದಿದೆ. ಮೊಬೈಲುಗಳಲ್ಲಿ ಆಗಲೇ ಎರಡು ಪಾಳೆಯ ಎದ್ದಿದೆ. ನಾನು ಸುರಂಗದ ವಿರೋಧಿ. ಅಷ್ಟು ದುಡ್ಡನ್ನು ಬಸ್ಸಿಗೂ ಉಪನಗರ ರೈಲಿಗೂ ಹಾಕಿದರೆ ಇನ್ನೂ ಹೆಚ್ಚು ಜನ ಓಡಾಡುತ್ತಾರೆ ಎಂಬುದು ನನ್ನ ವಾದ. ಅದನ್ನು ಬೆಳೆಸುವುದಿಲ್ಲ, ಪರವಾಗಿರುವವರ ವಾದವನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ.

ಅವರು ಹೇಳುವುದು ಹೀಗೆ: ರೈಲು ಬರುತ್ತದೆಂದು ಎಷ್ಟು ವರ್ಷದಿಂದ ಕಾಯುತ್ತಿದ್ದೇವೆ? ಕೆಲಸ ಊರಿನ ದಕ್ಷಿಣದಲ್ಲಿ, ಕೈಗೆಟುಕುವ ಮನೆ ಉತ್ತರದಲ್ಲಿ. ಇದನ್ನು ನಾವು ಆರಿಸಿಕೊಂಡದ್ದಲ್ಲ. ನೆಲದ ಮೇಲೆ ರಸ್ತೆ ಅಗಲಿಸಿದರೆ ಮರ ಹೋಗುತ್ತದೆ, ಮನೆ ಹೋಗುತ್ತದೆ ಎಂದು 2016ರಲ್ಲಿ ನೀವೇ ಹೇಳಿದಿರಿ. ಈಗ ನೆಲದ ಕೆಳಗೆ ಹೋಗುತ್ತೇವೆಂದರೂ ಬೇಡ ಎನ್ನುತ್ತೀರಿ. ಆಂಬುಲೆನ್ಸ್ ಹೆಬ್ಬಾಳದಲ್ಲಿ ನಿಂತಾಗ ಅದರೊಳಗಿದ್ದವರಿಗೆ ನಿಮ್ಮ ಹತ್ತು ವರ್ಷದ ರೈಲಿನ ಲೆಕ್ಕ ಏನು ಉಪಯೋಗಕ್ಕೆ ಬಂತು? ಮಲ್ಲೇಶ್ವರದಲ್ಲಿ ಕೂತವರಿಗೆ ಮೆಟ್ರೋ ಇದೆ, ಜಕ್ಕೂರಿನವರಿಗೆ ಏನಿದೆ?

ಆಂಬುಲೆನ್ಸಿನ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಸುರಂಗ ಬೇಕೆನ್ನುವವರು ಈ ಸಭೆಯಲ್ಲಿ ಇದ್ದೇ ಇರುತ್ತೀರಿ. ನಿಮ್ಮ ವಾದದಲ್ಲಿ ನಾನು ಏನು ಬಿಟ್ಟೆ, ಎಲ್ಲಿ ತಿರುಚಿದೆ ಎಂಬುದನ್ನು ಮೊದಲು ಹೇಳಿ. ಆಮೇಲೆ ವಾದಕ್ಕೆ ಇಳಿಯೋಣ. ಮೈಕು ಮೂರನೇ ಸಾಲಿನಲ್ಲಿ ಕೈ ಎತ್ತಿರುವ ಆ ಮೇಡಂ ಅವರಿಗೆ ಕೊಡಿ.